ನಾನು ಹತ್ತಿರ ಹೋದರೆ ಆರುವ ಲ್ಯಾಪ್‌ಟಾಪು

ನಾನು ಹತ್ತಿರ ಹೋದರೆ ಸಾಕು, ನನ್ನ ತಂಗಿಯ ಲ್ಯಾಪ್‌ಟಾಪು ಆರಿಹೋಗುತ್ತಿತ್ತು. ಬೇರೆ ಯಾರು ಹೋದರೂ ಏನೂ ಆಗುತ್ತಿರಲಿಲ್ಲ. ಗಿರಾಕಿಗಳ ಮಕ್ಕಳು ಅದರ ಮೇಲೆ ಬೆರಳಾಡಿಸಿದರೂ ಬೆಳಗುತ್ತಲೇ ಇರುತ್ತಿತ್ತು. ನಾನು ಹೋಗಿ ಬಗ್ಗಬೇಕು, ಠಪ್ ಅಂತ ಕತ್ತಲೆ. ಒಂದು ಸಲ ಆದರೆ ಹೋಗಲಿ ಬಿಡು ಅನ್ನಬಹುದು. ತಿಂಗಳಿಡೀ ಹೀಗೇ ಆದರೆ ಯಾರಿಗಾದರೂ ಮೈ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ನಮ್ಮದು ಬಟ್ಟೆ ಹೊಲಿಯುವ ಅಂಗಡಿ. ಅಂಗಡಿ ಕೆಳಗೆ, ಮನೆ ಮೇಲೆ. ಇರುವುದು ನಾವಿಬ್ಬರೇ, ನಾನು ಮತ್ತು ಚೋಟಿ. ಹುಟ್ಟಿದಾಗ ಚೋಟುದ್ದ ಇದ್ದಳು ಅಂತ ನಾನೇ ಇಟ್ಟ ಹೆಸರು. ಈಗ ನನಗಿಂತ ಒಂದು ತಲೆ ಎತ್ತರ. ಬಟ್ಟೆ ಕತ್ತರಿಸುವ ಮೇಜನ್ನು ನನ್ನ ಸೊಂಟದ ಎತ್ತರಕ್ಕೆ ಮಾಡಿಸಿದ್ದು. ಅವಳು ಅದರ ಮುಂದೆ ನಿಂತರೆ ಗೂನು ಬೆನ್ನು ಮಾಡಿಕೊಂಡೇ ಕೆಲಸ ಮಾಡಬೇಕು, ಸಂಜೆಗೆ ಅಯ್ಯೋ ಬೆನ್ನು ಅಂತ ಗೋಡೆಗೆ ಒರಗಬೇಕು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ನಾನು. ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೂ ನಾನೇ. ಅಂಥವಳು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ ಅನ್ನುವುದು ಊಟ ನಿದ್ದೆ ಎರಡನ್ನೂ ಕೆಡಿಸಿತ್ತು.

ಲ್ಯಾಪ್‌ಟಾಪು ಬಂದು ವರ್ಷದ ಮೇಲಾಯಿತು. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡುಕೊಂಡಳು. ಬಿಲ್ಲು, ಅಳತೆ, ಡಿಸೈನು ಎಲ್ಲ ಅದರಲ್ಲೇ. ಮೇಜಿನ ಆ ಕೊನೆ ಅದರದು, ಈ ಕೊನೆ ನನ್ನದು. ನಾನು ಅದರ ತಂಟೆಗೆ ಹೋದವಳಲ್ಲ. ಹೋದ ತಿಂಗಳಿಂದ ಅವಳೇ ಕರೆಯಲಿಕ್ಕೆ ಶುರು ಮಾಡಿದಳು. ಅಕ್ಕ, ಒಂದು ನಿಮಿಷ ಬಾ, ನೋಡು ಅನ್ನುತ್ತಿದ್ದಳು. ಕತ್ತರಿ ಇಟ್ಟು ಹೋಗಿ ಎಡಗೈ ಊರಿ ಬಗ್ಗಿದರೆ ಕಪ್ಪು. ಅಯ್ಯೋ, ಮತ್ತೆ ಆರಿಹೋಯ್ತು ಅನ್ನುತ್ತಿದ್ದಳು. ಕರೆದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಮೊದಲೆರಡು ಸಲ ಸುಮ್ಮನಿದ್ದೆ. ಆಮೇಲೆ, ನಿನ್ನ ಗುಟ್ಟು ನೀನೇ ಇಟ್ಕೋ, ನನಗೆ ಮಾಡಲಿಕ್ಕೆ ಕೆಲಸ ಇದೆ ಅಂತ ರೇಗಿ ಬಂದುಬಿಟ್ಟೆ. ಇನ್ನೊಂದೆರಡು ಸಲ ಕರೆದಳು, ಅದೇ ಕತೆ. ಈಗ ಒಂದು ವಾರದಿಂದ ಕರೆಯುವುದನ್ನೇ ಬಿಟ್ಟಿದ್ದಳು. ಅದು ಇನ್ನೂ ಕಷ್ಟವಾಯಿತು. ಮೆಲ್ಲಗೆ ಯಾರ ಜೊತೆಗೋ ವಿಡಿಯೋದಲ್ಲಿ ಮಾತಾಡುತ್ತಿದ್ದಳು, ನಾನು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಆ ಕಡೆ ಹೋದರೆ ದನಿ ಇನ್ನೂ ಸಣ್ಣದಾಗುತ್ತಿತ್ತು.

ಆ ದಿನ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೊರಟಳು, ಉಳಿದ ನರ್ಸುಗಳ ಸಮವಸ್ತ್ರಕ್ಕೆ ಅಳತೆ ತೆಗೆಯಲಿಕ್ಕೆ. ಹೊರಡುವಾಗ ಹೇಳಿದಳು: ಸಂಜೆ ನನಗೊಂದು ಮುಖ್ಯವಾದ ಕಾಲ್ ಇದೆ, ಲ್ಯಾಪ್‌ಟಾಪು ಬೇಕು, ನಾಳೆ ಅದನ್ನು ರಿಪೇರಿಯವನಿಗೆ ಕೊಡುತ್ತೇನೆ, ಅಲ್ಲಿಯವರೆಗೆ ನೀನು ಮುಟ್ಟಬೇಡ. ಯಾರ ಕಾಲ್ ಅಂತ ಕೇಳಿದೆ. ಬಂದ ಮೇಲೆ ಹೇಳ್ತೀನಿ ಅಂದಳು. ಮುಖ ಕೊಟ್ಟು ಹೇಳಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ ನೆಲಕ್ಕೆ ಹೇಳಿದಳು.

ಅವಳು ಬೀದಿ ತಿರುಗುವವರೆಗೆ ಕಾದೆ. ಆಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಇಷ್ಟಗಲ ಅಂಗಡಿಯಲ್ಲಿ ಸುತ್ತಿದೆ. ಕದ್ದು ನೋಡುವವಳಲ್ಲ ನಾನು. ಅದರ ಪಾಸ್‌ವರ್ಡು ಏನು ಅಂತ ಕೂಡ ಕೇಳಿದವಳಲ್ಲ. ನನ್ನ ಲೆಕ್ಕ ಬೇರೆ ಇತ್ತು. ಅದು ನಿಜವಾಗಿ ಕೆಟ್ಟಿದ್ದರೆ ಬಿಚ್ಚಿದಾಗ ಗೊತ್ತಾಗುತ್ತದೆ, ಸರಿ ಮಾಡಿಬಿಡುತ್ತೇನೆ, ತಂಗಿ ಸುಳ್ಳಿ ಅಲ್ಲ ಅಂತ ಸಮಾಧಾನ ಆಗುತ್ತದೆ. ಕೆಟ್ಟಿಲ್ಲದಿದ್ದರೆ ಅವಳೇ ಆರಿಸುತ್ತಿದ್ದಾಳೆ ಅಂತ ಆಯಿತು. ಹೊಲಿಗೆ ಮೆಷಿನ್ನನ್ನು ಮೂಳೆ ಮೂಳೆ ಬಿಡಿಸಿ ಜೋಡಿಸಿದ ಕೈ ಇದು. ಇದೇನು ಮಹಾ?

ಎದುರು ಬದಿಯ ವಾಚ್ ಮಾಮನ ಹತ್ತಿರ ಸಣ್ಣ ಸ್ಕ್ರೂಡ್ರೈವರ್ ಕೇಳಿದೆ. ವಾಚು ರಿಪೇರಿ ಮಾಡುವವರು, ನಾವಿಬ್ಬರೂ ಮಾಮ ಅನ್ನುತ್ತೇವೆ, ಬೀದಿಗೆಲ್ಲ ಅವರೇ ರೇಡಿಯೋ. ಏನಕ್ಕಮ್ಮ ಅಂದರು. ಹೇಳಿದೆ. ಬಿಚ್ಚುವುದಕ್ಕೆ ಒಂದು ಗಳಿಗೆ, ಮುಚ್ಚುವ ಹೊತ್ತಿಗೆ ನಿನ್ನ ಗತಿ ಏನು ಅಂತ ನಕ್ಕರು. ಮೊದಲು ಬ್ಯಾಟರಿ ಬಿಡಿಸು, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀಯ ಅಂತ ಹೆದರಿಸಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ ಕೊಟ್ಟರು. ನಿನ್ನ ತಂಗಿಗೆ ಹೇಳಿದ್ದೀಯಾ ಅಂತ ಕೇಳಿದರು. ಕೇಳಿಸದವಳ ಹಾಗೆ ಬಂದೆ.

ಫೋನಿನಲ್ಲಿ ಒಬ್ಬನ ವಿಡಿಯೋ ಹಚ್ಚಿಕೊಂಡೆ. ಅವನಿಗೆ ಎಲ್ಲವೂ ಸುಲಭ. ಇಷ್ಟೇ ನೋಡಿ, ಸುಲಭವಾಗಿ ಬಂತು ಅನ್ನುತ್ತಾನೆ. ಅವನ ಲ್ಯಾಪ್‌ಟಾಪು ಬೇರೆ ಕಂಪನಿಯದು, ನಮ್ಮದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ತಿರುವಿ ಹಾಕಿ ಹಿಂದಿನ ಸ್ಕ್ರೂಗಳನ್ನೆಲ್ಲ ತೆಗೆದೆ. ಮುಚ್ಚಳ ಅಲುಗಾಡಲಿಲ್ಲ. ಎಳೆದೆ, ಒತ್ತಿದೆ, ಬೈದೆ. ಕೊನೆಗೆ ರಬ್ಬರ್ ಕಾಲುಗಳ ಕೆಳಗೆ ಎರಡು ಸ್ಕ್ರೂ ಅಡಗಿ ಕೂತಿರುವುದು ಕಂಡಿತು. ಎಂಥ ಕಳ್ಳ ಬುದ್ಧಿ! ಇದನ್ನು ಮಾಡಿದವನು ನಮ್ಮ ಚೋಟಿಗೆ ದೂರದ ನೆಂಟನೇ ಇರಬೇಕು ಅಂದುಕೊಂಡೆ.

ಸ್ಕ್ರೂಗಳು ಒಂದರ ಹಾಗೆ ಒಂದಿಲ್ಲ. ಕೆಲವು ಉದ್ದ, ಕೆಲವು ಗಿಡ್ಡ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿದರೆ ಒಳಗಿನ ಸರ್ಕ್ಯೂಟ್ ಹಲಗೆಗೇ ಚುಚ್ಚಿ ಬಿಡುತ್ತದೆ ಅಂತ ವಿಡಿಯೋದವನು ಹೇಳಿದ. ಅದಕ್ಕೆ ಕಂದು ಕಾಗದ ಹಾಸಿ, ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ, ಕೋಟಿನ ಕಟ್ಟಿಂಗಿಗೆ ಎಳೆದ ಹಾಗೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಕಾಗದದ ಮೇಲೆ ಅಲ್ಲೇ ಇಟ್ಟೆ. ಆದರೆ ಕೈ ಆಡಿಸುವಾಗಲೆಲ್ಲ ಒಂದೆರಡು ಎದ್ದು ನನ್ನ ಎಡ ಮಣಿಕಟ್ಟಿಗೆ ಅಂಟಿಕೊಳ್ಳುತ್ತಿದ್ದವು. ಅಲ್ಲಿ ನಾನು ಗುಂಡುಸೂಜಿ ಹಿಡಿಯಲಿಕ್ಕೆ ಅಯಸ್ಕಾಂತದ ಪಟ್ಟಿ ಕಟ್ಟಿಕೊಂಡಿರುತ್ತೇನೆ. ಅಂಗಡಿ ತೆರೆಯುವಾಗ ಕಟ್ಟಿದರೆ ಮುಚ್ಚುವಾಗಲೇ ಬಿಚ್ಚುವುದು. ಸ್ಕ್ರೂ ಕಳೆಯುವುದಿಲ್ಲ, ಒಳ್ಳೆಯದೇ ಆಯಿತು ಅಂತ ಕಿತ್ತು ಕಿತ್ತು ಮತ್ತೆ ಜಾಗಕ್ಕಿಟ್ಟೆ.

ಮುಚ್ಚಳ ಎಬ್ಬಿಸಲಿಕ್ಕೆ ವಿಡಿಯೋದವನ ಹತ್ತಿರ ಏನೋ ತೆಳ್ಳನೆಯ ಸಾಮಾನು ಇತ್ತು. ನಮ್ಮಲ್ಲಿ ಎಲ್ಲಿಂದ ಬರಬೇಕು? ಅಂಗಿಯ ಕಾಲರಿನೊಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ತೆಗೆದುಕೊಂಡು ಸಂದಿಯಲ್ಲಿ ತೂರಿಸಿದೆ. ಕಟಕ್ ಅಂತು. ಎದೆ ಧಸಕ್ ಅಂತು. ಇನ್ನೊಂದು ಕಟಕ್. ಮುರಿಯಿತೋ ಬಿಟ್ಟುಕೊಂಡಿತೋ ಒಂದೂ ಗೊತ್ತಾಗುವುದಿಲ್ಲ, ಎರಡಕ್ಕೂ ಒಂದೇ ಸದ್ದು. ಅಂತೂ ಎದ್ದು ಬಂತು.

ಒಳಗೆ ನೋಡಿ ನಗು ಬಂತು. ಫ್ಯಾನಿನ ತುಂಬ ನಮ್ಮ ಅಂಗಡಿಯೇ ಕೂತಿತ್ತು. ಮೇಲೆ ನರ್ಸುಗಳ ತಿಳಿ ನೀಲಿ ಜುಂಗು, ಅದರ ಕೆಳಗೆ ಚಳಿಗಾಲದ ಕೋಟುಗಳ ಬೂದು, ಎಲ್ಲಕ್ಕಿಂತ ಅಡಿಯಲ್ಲಿ ಒಂದು ನಾಟಕ ತಂಡದವರಿಗೆ ಹೊಲಿದ ರಂಗದ ಪರದೆಯ ಕೆಂಪು. ಆ ಪರದೆಯನ್ನು ಚೋಟಿ ಒಬ್ಬಳೇ ಕತ್ತರಿಸಿದ್ದಳು. ಅವರು ಬಂದು ಅವಳ ಕೈ ಕುಲುಕಿ ಹೋಗಿದ್ದರು. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಪದರ ಪದರವಾಗಿ ಎಳೆದೆ. ಇದೇ ರೋಗ, ಉಸಿರು ಕಟ್ಟಿ ಆರುತ್ತಿದೆ, ಪಾಪ ಮಗು ಸುಳ್ಳು ಹೇಳಿಲ್ಲ ಅನ್ನಿಸಿತು. ಮನಸ್ಸು ಹತ್ತಿಯ ಹಾಗಾಯಿತು. ಲ್ಯಾಪ್‌ಟಾಪಿನ ಪರದೆಗೆ ಹೋಗುವ ತೆಳು ಪಟ್ಟಿಯ ವೈರನ್ನೂ ಬಿಡಿಸಿ ಮತ್ತೆ ಕೂರಿಸಿದೆ. ಅದರ ಕೊಂಡಿ ಉಗುರಿನ ಚೂರಿನಷ್ಟು, ಅದನ್ನು ಎತ್ತುವಾಗ ಉಸಿರು ಬಿಗಿಹಿಡಿದೆ. ಬ್ಯಾಟರಿ ಸಿಕ್ಕಿಸಿ, ಮುಚ್ಚಿ, ತಿರುವಿ, ಎಡಗೈ ಊರಿ ಬಲಗೈಯಿಂದ ಬಟನ್ ಒತ್ತಿದೆ.

ದೀಪ ಬಂತು. ಪರದೆ ಬರಲಿಲ್ಲ.

ಆ ಹೊತ್ತಿನ ನನ್ನ ಸ್ಥಿತಿ ಶತ್ರುವಿಗೂ ಬೇಡ. ಆರಿಸಿ ಮತ್ತೆ ಒತ್ತಿದೆ. ಬಗ್ಗಿ ಬಗ್ಗಿ ನೋಡಿದೆ. ಒಂದು ಕ್ಷಣ ಏನೋ ಮಿಂಚಿದ ಹಾಗಾಗಿ ಮತ್ತೆ ಕಪ್ಪು. ಮತ್ತೆ ಸ್ಕ್ರೂ ಬಿಚ್ಚಿದೆ, ಮತ್ತೆ ವೈರು ಒತ್ತಿದೆ, ಮತ್ತೆ ಮುಚ್ಚಿದೆ. ಕಪ್ಪು. ಸಂಜೆ ಅವಳಿಗೆ ಕಾಲ್ ಇದೆ. ಮುಟ್ಟಬೇಡ ಅಂದಿದ್ದಳು. ಯಾವ ದರಿದ್ರ ಗಳಿಗೆಯಲ್ಲಿ ಕೈ ಹಾಕಿದೆನಪ್ಪಾ ಅಂತ ತಲೆ ಚಚ್ಚಿಕೊಂಡೆ. ಕಸಕ್ಕೆ ಹಾಕಿದ್ದ ಜುಂಗನ್ನು ತಿರುಗಿ ಕೆದಕಿ ನೋಡಿದೆ, ಅದರ ಜೊತೆ ಏನಾದರೂ ತುಂಡು ಬಿದ್ದುಹೋಗಿದೆಯಾ ಅಂತ. ಅಷ್ಟೊತ್ತಿಗೆ ವಾಚ್ ಮಾಮ ಬೇರೆ ಬೀದಿಯ ಆ ಕಡೆಯಿಂದ ಕೈ ಸನ್ನೆಯಲ್ಲೇ, ಏನಾಯ್ತು ಅಂದರು. ಎಲ್ಲ ಸರಿ ಹೋಯ್ತು ಅಂತ ಹಲ್ಲು ಬಿಟ್ಟೆ.

ಒಬ್ಬ ಗಿರಾಕಿ ಬಂದ, ಗಿಡ್ಡ ಮಾಡಿಸಿದ ಪ್ಯಾಂಟು ತೆಗೆದುಕೊಳ್ಳಲಿಕ್ಕೆ. ಹಾಕಿಕೊಂಡು ದೊಡ್ಡ ಕನ್ನಡಿಯ ಮುಂದೆ ನಿಂತು, ಎಡಗಾಲು ಸ್ವಲ್ಪ ಉದ್ದ ಅನ್ನಿಸ್ತಿದೆ ಅಂದ. ನಿಮ್ಮ ಕಾಲೇ ಹಾಗಿದೆ ಅಂತ ಬಾಯಿಗೆ ಬಂದದ್ದನ್ನು ನುಂಗಿ, ಕೆಳಗೆ ಕೂತು ಮಡಿಕೆ ಎಳೆಯುತ್ತಿದ್ದೆ. ತಲೆ ಎತ್ತಿದರೆ ಕನ್ನಡಿಯಲ್ಲಿ ನನ್ನ ಹಿಂದೆ ಮೇಜಿನ ಕೊನೆಯಲ್ಲಿ ಲ್ಯಾಪ್‌ಟಾಪು ಬೆಳಗುತ್ತಿದೆ. ನೀಲಿ ಬೆಳಕು, ಚೆನ್ನಾಗಿ, ಇಡೀ ಪರದೆ. ಗಿರಾಕಿಯ ಕಾಲನ್ನು ಬಿಟ್ಟು ಓಡಿದೆ. ಅದರ ಅಂಚಿಗೆ ಎಡಗೈ ಊರಿ ಬಗ್ಗಿದೆ. ಠಪ್.

ಭಯ ಇಳಿಯಿತು. ಅದರ ಜಾಗದಲ್ಲಿ ಇನ್ನೊಂದು ಏರಿತು. ಅಂದರೆ ಇದು ಸತ್ತಿಲ್ಲ. ನನ್ನನ್ನು ನೋಡಿಯೇ ಆರುತ್ತಿದೆ. ಅವಳೇ ಅದಕ್ಕೆ ಹಾಗೆ ಹೇಳಿಕೊಟ್ಟಿರಬೇಕು. ಈಗಿನ ಇಂಥವಕ್ಕೆ ಮೇಲೆ ಒಂದು ಕಣ್ಣು ಇರುತ್ತದಲ್ಲ, ಮುಖ ಗುರುತು ಹಿಡಿಯುತ್ತದೆ ಅಂತ ಅವಳೇ ಒಮ್ಮೆ ಹೇಳಿದ್ದಳು. ನನ್ನ ಮುಖ ಕಂಡರೆ ಮುಚ್ಚಿಕೋ ಅಂತ ಕಲಿಸಿದ್ದಾಳೆ. ಸಾಕಿ ಸಲಹಿದ ಅಕ್ಕನ ಮುಖ! ಗಿರಾಕಿ ಪ್ಯಾಂಟಿನ ಮಡಿಕೆ ಹಿಡಿದುಕೊಂಡು ನಿಂತೇ ಇದ್ದ. ನಾಳೆ ಬನ್ನಿ ಅಂತ ಕಳಿಸಿದೆ. ಆ ಕಣ್ಣಿನ ಮೇಲೆ ಒಂದು ಚೂರು ಬಟ್ಟೆ ಅಂಟಿಸಿ ಬಗ್ಗಿದೆ. ಆದರೂ ಠಪ್. ಬದಿಯಿಂದ ನುಸುಳಿ ಬಂದೆ, ಹಿಂದಿನಿಂದ ಬಂದೆ, ತಲೆ ಮೇಲೆ ಕೋಟು ಹೊದ್ದುಕೊಂಡೂ ಬಂದೆ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು, ಸುಳ್ಳೂ ಆಗುತ್ತಿರಲಿಲ್ಲ. ನಾನು ಬಂದು ಕೈ ಊರುವವರೆಗೆ ಬೆಳಕು, ಆಮೇಲೆ ಕತ್ತಲೆ.

ಚೋಟಿ ಬಂದಾಗ ಕಂದು ಕಾಗದ ಇನ್ನೂ ಮೇಜಿನ ಮೇಲಿತ್ತು, ಅದರ ಮೇಲೆ ಚಾಕ್‌ಪೀಸಿನ ಗೆರೆ, ಗೆರೆಯೊಳಗೆ ಒಂದು ಸ್ಕ್ರೂ. ಎಲ್ಲ ಹಾಕಿದ ಮೇಲೂ ಅದೊಂದು ಮಿಕ್ಕಿತ್ತು, ಎಲ್ಲಿಯದೋ ತಿಳಿದಿರಲಿಲ್ಲ. ಅವಳು ಅದನ್ನು ನೋಡಿದಳು, ನನ್ನ ಹಣೆಗೆ ಇನ್ನೂ ಸಿಕ್ಕಿಕೊಂಡಿದ್ದ ಭೂತಗನ್ನಡಿ ನೋಡಿದಳು. ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಮೆಲ್ಲಗೆ ಸುತ್ತಿ ಇಟ್ಟಳು. ಅವಳಿಗೆ ಸಿಟ್ಟು ಬಂದರೆ ಹೀಗೇ, ಎಲ್ಲವನ್ನೂ ಮೆಲ್ಲಗೆ ಮಾಡುತ್ತಾಳೆ. ನನ್ನ ಹಾಗಲ್ಲ.

ಆ ಸ್ಕ್ರೂವನ್ನು ಎತ್ತಿ ಕೀಬೋರ್ಡಿನ ಅಂಚಿನ ಮೇಲಿಟ್ಟು, ಸ್ಟೂಲು ಎಳೆದು ಕೂತು ಬಟನ್ ಒತ್ತಿದಳು. ಪರದೆ ಹೊತ್ತಿಕೊಂಡಿತು. ಕಿವಿ ಹತ್ತಿರ ಇಟ್ಟು ಕೇಳಿದಳು. ಫ್ಯಾನಿನ ಸದ್ದೇ ಇಲ್ಲ, ಏನು ಮಾಡಿದೆ ಅಂತ ಕೇಳಿದಳು. ದನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು. ಆ ಇಳಿದದ್ದೇ ನನಗೆ ಸಹಿಸಲಾಗಲಿಲ್ಲ. ಬಗಲಿಗೆ ಹೋಗಿ ನಿಂತು ಎಡಗೈಯನ್ನು ಕೀಬೋರ್ಡಿನ ಅಂಚಿಗೆ ಧಡ್ ಅಂತ ಊರಿದೆ. ಆರಿತು.

"ನೋಡಿದ್ಯಾ?" ಅಂದೆ. "ನಿನಗೆ ಬೆಳಕು, ನನಗೆ ಕತ್ತಲೆ. ಒಳಗೆಲ್ಲ ಬಿಚ್ಚಿ ನೋಡಿದ್ದೀನಿ, ಏನೂ ಕೆಟ್ಟಿಲ್ಲ. ಕೆಟ್ಟಿರೋದು ನೀನು. ನಾನು ಬಂದ್ರೆ ಯಾಕೆ ಆರಿಸ್ತೀಯ? ನನಗೆ ತೋರಿಸಬಾರದ್ದು ಏನಿದೆ ಅದರಲ್ಲಿ?"

ಜಗಳ ಮಾಡಲಿಕ್ಕೆ ಬಂದವಳು ಅಳುತ್ತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಚೋಟಿ ಎರಡೂ ಕೈಗಳನ್ನು ಮೇಲಕ್ಕೆತ್ತಿ ತೋರಿಸಿದಳು, ನಾನು ಏನನ್ನೂ ಮುಟ್ಟಿಲ್ಲ ನೋಡು ಅನ್ನುವ ಹಾಗೆ. ನಾನು ಕಣ್ಣೊರೆಸಿಕೊಳ್ಳಲಿಕ್ಕೆ ಊರಿದ ಕೈ ಎತ್ತಿದೆ. ಅಂಚಿನ ಮೇಲಿದ್ದ ಸ್ಕ್ರೂ ಕೈಯ ಜೊತೆಗೇ ಎದ್ದು ಬಂತು, ಗುಂಡುಸೂಜಿಗಳ ನಡುವೆ ಪಟ್ಟಿಗೆ ಅಂಟಿಕೊಂಡು ನಿಂತಿತ್ತು. ಪರದೆ ಬೆಳಗಿತು.

ಇಬ್ಬರೂ ಅದನ್ನೇ ನೋಡಿದೆವು. ಅವಳು ನನ್ನ ಮಣಿಕಟ್ಟು ಹಿಡಿದು, ಅಳತೆ ತೆಗೆಯುವವಳ ಹಾಗೆ ನಿಧಾನವಾಗಿ ಕೀಬೋರ್ಡಿನ ಅಂಚಿಗೆ ಇಳಿಸಿದಳು. ಕತ್ತಲೆ. ಎತ್ತಿದಳು. ಬೆಳಕು. ಮತ್ತೆ ಇಳಿಸಿದಳು. ಇದರ ಪರದೆ ಇರುವ ಮೇಲಿನ ಮುಚ್ಚಳದಲ್ಲಿ ಒಂದು ಚೂರು ಅಯಸ್ಕಾಂತ ಇರುತ್ತದಂತೆ. ಮುಚ್ಚಳ ಮುಚ್ಚಿದರೆ ಅದು ಈ ಅಂಚಿಗೆ ತಾಗಿ, ಮಲಗು ಅಂತ ಹೇಳುತ್ತದಂತೆ. ಎಲ್ಲೋ ಓದಿದ್ದೆ, ಹೊಳೀಲೇ ಇಲ್ಲ ಅಂದಳು. ನನ್ನ ಕೈ ಬಂದಾಗಲೆಲ್ಲ ಅದು ಮುಚ್ಚಳ ಬಂತು ಅಂದುಕೊಂಡು ಮಲಗುತ್ತಿತ್ತು. ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿಯದೆ ನನಗೆ ಕತ್ತರಿಸಲಿಕ್ಕೆ ಬರುವುದಿಲ್ಲ. ಎಡಗೈ ಊರದೆ ನನಗೆ ಏನನ್ನೂ ನೋಡಲಿಕ್ಕೂ ಬರುವುದಿಲ್ಲ, ಜನ್ಮದ ಅಭ್ಯಾಸ. ಇಡೀ ದಿನ ಊರೆಲ್ಲ ಹುಡುಕಿದ ಕಳ್ಳ ನನ್ನ ಮೈ ಮೇಲೇ ಇದ್ದ.

ಮಾಮನಿಗೆ ಹೇಳಬೇಡ ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ. ನಕ್ಕು ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಿ, ಆ ಮೂಲೆಯ ಮೆಷಿನ್ನಿನ ಮೇಲೆ ಇಟ್ಟು ಬಂದೆ. ಕೈ ಬೋಳಾಗಿತ್ತು, ಪಟ್ಟಿ ಕಟ್ಟಿದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು. ಸ್ಟೂಲು ಎಳೆದು ಅವಳ ಪಕ್ಕ ಕೂತೆ.

"ಈಗ ತೋರಿಸು," ಅಂದೆ. "ತಿಂಗಳಿಂದ ಕರೀತಿದ್ಯಲ್ಲ."

ಅವಳ ನಗು ನಿಂತಿತು. ಪಾಸ್‌ವರ್ಡು ಒತ್ತಿದಳು, ನನಗೆ ಕಾಣುವ ಹಾಗೆ ಒಂದೊಂದೇ ಅಕ್ಷರ ಒತ್ತಿದಳು. ಅದು ನಮ್ಮ ಅಂಗಡಿಯ ಹೆಸರು. ಒಂದು ಫೋಟೋ ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ದೊಡ್ಡ ಕೋಣೆ. ಒಂದು ಬದಿಗೆ ಪೂರಾ ಕಿಟಕಿಗಳು. ಉದ್ದುದ್ದ ಮೇಜುಗಳು, ಗೋಡೆಗೆ ರಾಜರದ್ದೋ ಭೂತಗಳದ್ದೋ ಉಡುಪುಗಳು ಸಾಲಾಗಿ. ಪರದೆ ಹೊಲಿಸಿದ್ದ ನಾಟಕದವರ ಕಾರ್ಯಾಗಾರ ಅದು, ದೂರದ ಊರಿನಲ್ಲಿ, ರೈಲಿನಲ್ಲಿ ಒಂದು ಇಡೀ ದಿನದ ದಾರಿ. ಉಡುಪು ಕತ್ತರಿಸುವ ಕೆಲಸಕ್ಕೆ ಅವಳನ್ನು ಕರೆದಿದ್ದಾರೆ. ಅಲ್ಲಿಯೇ ಇರಬೇಕು. ಬರುತ್ತೀಯೋ ಇಲ್ಲವೋ ಅಂತ ಇವತ್ತು ಸಂಜೆ ಹೇಳಬೇಕು.

"ಬಾಯಲ್ಲಿ ಹೇಳಿದ್ರೆ ನೀನು ಅರ್ಧಕ್ಕೇ ಎದ್ದು ಹೋಗ್ತೀಯ ಅಕ್ಕ. ನೀನು ನಂಬೋದು ಕಣ್ಣಲ್ಲಿ ನೋಡಿದ್ದನ್ನ ಮಾತ್ರ. ಅದಕ್ಕೇ ಮೊದಲು ನೋಡಲಿ ಅಂತಿದ್ದೆ. ನೀನು ನೋಡದೆ ನಾನು ಹೂಂ ಅನ್ನಲ್ಲ ಅಂತಾನೂ ಅವರಿಗೆ ಹೇಳಿದ್ದೆ."

ಮುಚ್ಚಿಡುತ್ತಿದ್ದಾಳೆ ಅನ್ನುವುದು ಸುಳ್ಳಾಗಿತ್ತು, ಸಂತೋಷ ಪಡಬೇಕಿತ್ತು. ಆ ಸಂಶಯವೇ ಎಷ್ಟೋ ವಾಸಿಯಿತ್ತು, ಅದರಲ್ಲಾದರೂ ಅವಳು ಇಲ್ಲೇ ಇದ್ದಳು. ಏನು ಹೇಳಲಿ? ಬೇಡ ಅಂದರೆ ಅವಳು ನಿಲ್ಲುತ್ತಾಳೆ. ನಿಲ್ಲುತ್ತಾಳೆ ಅಂತ ಗೊತ್ತಿದ್ದದ್ದೇ ನನ್ನ ಬಾಯಿ ಕಟ್ಟಿತು. ಕಣ್ಣು ಆ ಫೋಟೋದ ಮೇಲೆ ಓಡಾಡಿತು, ಎಲ್ಲಾದರೂ ಒಂದು ಹುಳುಕು ಸಿಗಬಹುದಾ ಅಂತ. ಕಿಟಕಿ ಚೆನ್ನಾಗಿತ್ತು. ಬೆಳಕು ಚೆನ್ನಾಗಿತ್ತು. ಮೆಷಿನ್ನುಗಳೂ ನಮ್ಮದಕ್ಕಿಂತ ಒಳ್ಳೆಯವು.

"ಮೇಜು ಎತ್ತರ ಜಾಸ್ತಿಯಾಯ್ತು," ಅಂದೆ.

"ನನಗೆ ಸರಿಯಾಗುತ್ತೆ, ಅಕ್ಕ."

ಹೌದು, ಸರಿಯಾಗುತ್ತಿತ್ತು. ಗೂನು ಬೆನ್ನು ಮಾಡದೆ ನೆಟ್ಟಗೆ ನಿಂತು ಕತ್ತರಿಸಬಹುದು. ಅವಳ ಅಳತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಲ್ ಬಂತು, ಲ್ಯಾಪ್‌ಟಾಪು ಟಿಂಗ್ ಟಿಂಗ್ ಅನ್ನತೊಡಗಿತು. ಅವಳು ಎತ್ತದೆ ನನ್ನ ಮುಖ ನೋಡಿದಳು. ಇನ್ನೂ ಹತ್ತಿರದಿಂದ ನೋಡುವವಳ ಹಾಗೆ ನಾನು ಬಗ್ಗಿದೆ, ಬೋಳು ಎಡಗೈ ತಾನಾಗಿ ಹೋಗಿ ಕೀಬೋರ್ಡಿನ ಅಂಚಿನ ಮೇಲೆ ಕೂತಿತು. ಈಗೊಮ್ಮೆ ಆರಬಾರದಾ ಅಂತ ಕಾದೆ. ಆರಲಿಲ್ಲ. ಅದನ್ನು ಸರಿ ಮಾಡಿದವಳು ನಾನೇ.

"ಎತ್ತು," ಅಂದೆ.